ಉಜ್ಜಿ ತೆಗೆದ ವರ್ಷ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕುಶಲಾ ವೈನ್ ಬಾಟಲಿಯ ಮೇಲಿದ್ದ 2014 ಎಂಬ ಅಂಕಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದಳು.

ಕೆಲಸ ಸುಲಭವಾಗಿಯೇ ಆಯಿತು. ಬಾಟಲಿ ಹಿಂದಿನ ಸಂಜೆಯಿಂದ ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಪುಡಿ ಐಸಿನೊಳಗೆ ಕುತ್ತಿಗೆಯವರೆಗೆ ಹುಗಿದುಕೊಂಡಿತ್ತು. ಹಿಂಬದಿಯ ಸಣ್ಣ ಚೀಟಿ ತಾನಾಗಿಯೇ ಕಳಚಿ ಐಸ್ ನೀರಿನಲ್ಲಿ ಮುದ್ದೆಯಾಗಿತ್ತು. ಎದುರಿನ ಚೀಟಿಯಲ್ಲಿ ದ್ರಾಕ್ಷಿ ಗೊಂಚಲಿನ ಚಿತ್ರ, ಇಂಗ್ಲಿಷಿನಲ್ಲಿ ತೋಟದ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ವರ್ಷ. ವರ್ಷವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಅವಳು ಕೈ ಹಚ್ಚಲಿಲ್ಲ. ಗೊಂಚಲಿನ ಒಂದು ಹಣ್ಣು ಮಾತ್ರ ನಾರಿಗೆ ಸಿಕ್ಕಿ ಹೋಯಿತು.

ಕುಶಲಾಳಿಗೆ ಐವತ್ತಮೂರು. ಮೂವತ್ತೊಂದು ವರ್ಷಗಳಿಂದ ಮೀನಿನ ವ್ಯಾಪಾರ. ಮೊದಲು ಬುಟ್ಟಿ ಹೊತ್ತು ಕಾಪುವಿನ ಮನೆಮನೆಗೆ ಹೋಗುತ್ತಿದ್ದವಳು ಈಗ ಇಬ್ಬರು ಹೆಂಗಸರನ್ನು ಇಟ್ಟುಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ಮೀನು ಕೊಯ್ದು, ತೊಳೆದು, ಮಣಿಪಾಲದ ಏಳು ಕ್ಯಾಂಟೀನುಗಳಿಗೆ ಕಳಿಸುತ್ತಾಳೆ. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಅದು ನಿನ್ನೆಯದೋ ಮೊನ್ನೆಯದೋ ಹೇಳಬಲ್ಲಳು. ಅಂಥವಳ ಕಣ್ಣಿಗೆ ಹನ್ನೊಂದು ವರ್ಷದ ಹಿಂದಿನ ತಾರೀಕು ಬಿದ್ದಾಗ ಅವಳಿಗೆ ಹೊಳೆದದ್ದು ಒಂದೇ: ಗಂಡನ ತಲೆಗೆ ಯಾರೋ ಹಳೆ ಮಾಲು ಕಟ್ಟಿದ್ದಾರೆ. ಇನ್ನೆರಡು ಗಂಟೆಯಲ್ಲಿ ಅದನ್ನು ಅತಿಥಿಯ ಎದುರು ಇಡಬೇಕು. ಅತಿಥಿ ಯಾರೆಂದರೆ ಪಾಸ್ಕಲ್.

ಪಾಸ್ಕಲ್ ಪಕ್ಕದ ಮನೆಯವರು. ಕುಶಲಾಳ ಮನೆಗೂ ರಸ್ತೆಗೂ ನಡುವೆ ಐವತ್ತೆಂಟು ಮೀಟರ್ ಉದ್ದದ ಕಾಲುದಾರಿ, ಅಗಲ ನಾಲ್ಕು ಅಡಿ. ಮಲ್ಪೆಯಿಂದ ಮೀನು ತರುವ ಗೂಡ್ಸ್ ರಿಕ್ಷಾ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೂವತ್ತು ಕಿಲೋದ ಪೆಟ್ಟಿಗೆಗಳನ್ನು ಹೊತ್ತು ತರಬೇಕು, ಕೊಯ್ದ ಮೇಲೆ ಮತ್ತೆ ಹೊತ್ತು ಒಯ್ಯಬೇಕು. ಉಡುಪಿಯ ಎಲುಬಿನ ಡಾಕ್ಟರು ಕುಶಲಾಳ ಬಲಗಾಲಿನ ಎಕ್ಸ್-ರೇ ನೋಡಿ, ಇನ್ನು ಭಾರ ಹೊತ್ತರೆ ಮಂಡಿ ಬದಲಾಯಿಸಬೇಕಾಗುತ್ತದೆ ಎಂದಿದ್ದರು. ಪಾಸ್ಕಲ್ ತಮ್ಮ ತಂತಿ ಬೇಲಿಯನ್ನು ಎರಡೂವರೆ ಅಡಿ ಒಳಗೆ ಸರಿಸಿದರೆ ರಿಕ್ಷಾ ಬಾಗಿಲಿಗೆ ಬರುತ್ತದೆ. ಇಲ್ಲವಾದರೆ ವ್ಯಾಪಾರ ನಿಲ್ಲಿಸಬೇಕು. ನಾಲ್ಕು ವರ್ಷಗಳಿಂದ ಕುಶಲಾ ಕೇಳಿದಾಗಲೆಲ್ಲ ಪಾಸ್ಕಲ್ ಆಗುವುದಿಲ್ಲ ಎಂದಿರಲಿಲ್ಲ. "ನೋಡುವ" ಎಂದಿದ್ದರು.

ನೋಡದೆ ಇರಲು ಕಾರಣವೂ ಉಂಟು. 1991ರಲ್ಲಿ ಎರಡು ಜಾಗಗಳ ನಡುವಿನ ಸರ್ವೆ ಕಲ್ಲು ಒಂಬತ್ತು ಇಂಚು ಪಾಸ್ಕಲರ ಕಡೆಗೆ ಸರಿದಿತ್ತು. ಸರಿಸಿದ್ದು ಕುಶಲಾಳ ಮಾವ ಚಂದು ಎಂದು ಪಾಸ್ಕಲರ ತಂದೆ ಕಜೆಟನ್ ಹೇಳಿದ್ದರು. ಮಳೆಗೆ ಮಣ್ಣು ಜರುಗಿತು ಎಂದು ಚಂದು ಹೇಳಿದ್ದ. ಇಬ್ಬರೂ ಈಗ ಇಲ್ಲ. ಒಂಬತ್ತು ಇಂಚು ಇದೆ.

ಕುಶಲಾಳ ಗಂಡ ದೇವದಾಸ ಮಲ್ಪೆಯ ಬೋಟಿನಲ್ಲಿ ತಾಂಡೇಲ, ಅಂದರೆ ಮುಖ್ಯಸ್ಥನಾಗಿದ್ದು ನಿವೃತ್ತನಾದವನು. ಸಮುದ್ರದಲ್ಲಿ ಇಪ್ಪತ್ತೆರಡು ಜನರನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದವನಿಗೆ ಭೂಮಿಯ ಮೇಲೆ ಬೇಲಿಯ ವಿಷಯ ಎತ್ತಲು ನಾಲಿಗೆ ಬರುತ್ತಿರಲಿಲ್ಲ. ಕಳೆದ ತಿಂಗಳು ಮೀನುಗಾರರ ಸಹಕಾರ ಸಂಘದ ಬಸ್ಸಿನಲ್ಲಿ ವಿಜಯಪುರ ನೋಡಲು ಹೋದಾಗ, ಕಾರ್ಯದರ್ಶಿ ಉಮಾನಾಥನ ಒತ್ತಾಯಕ್ಕೆ ಬಸ್ಸನ್ನು ಒಂದು ವೈನ್ ತೋಟಕ್ಕೂ ತಿರುಗಿಸಿದರು. ಅಲ್ಲಿಯ ಹುಡುಗಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟು, ನೋಡಬೇಕು, ಮೂಸಬೇಕು, ಬಾಯೊಳಗೆ ಆಡಿಸಬೇಕು, ಆಮೇಲೆ ಈ ಬಕೆಟ್ಟಿಗೆ ಉಗುಳಬೇಕು ಎಂದಳು. ನಲವತ್ತೊಂದು ಜನರಲ್ಲಿ ಉಗುಳಿದ್ದು ಉಮಾನಾಥ ಒಬ್ಬನೇ, ಅದೂ ಎಲೆಅಡಿಕೆ. ದೇವದಾಸನಿಗೆ ಮಾತ್ರ ಅಲ್ಲಿ ಒಂದು ವಿಚಾರ ಹೊಳೆಯಿತು. ಪಾಸ್ಕಲ್ ಇಪ್ಪತ್ತಾರು ವರ್ಷ ಪ್ರಯಾಣಿಕರ ಹಡಗಿನಲ್ಲಿ ಇದ್ದವರು. ಮದುವೆ ಮನೆಗಳಲ್ಲಿ ವೈನ್ ಕೊಟ್ಟರೆ ಗ್ಲಾಸನ್ನು ಬೆಳಕಿಗೆ ಹಿಡಿದು ಅರ್ಧ ನಿಮಿಷ ನೋಡುವವರು. ಅವರಿಗೆ ಸಮನಾದದ್ದು ಇಟ್ಟು ಮಾತೆತ್ತಿದರೆ ಮಾತಿಗೆ ತೂಕ ಬರುತ್ತದೆ. ತೋಟದಲ್ಲಿದ್ದ ಅತಿ ಹಳೆಯ ಬಾಟಲಿಯನ್ನು ಕೊಂಡ. ಬೆಲೆಯನ್ನು ಮನೆಯಲ್ಲಿ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ವೈನಿನ ಬಗ್ಗೆ ಭಾಷಣ ಮಾಡಿದ. ಕುಶಲಾ ಆಗ ಕೊಡ್ಡಾಯಿ ಮೀನು ಕೊಯ್ಯುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು: ತಣ್ಣಗೆ ಇರಬೇಕು, ಅಲುಗಾಡಬಾರದು. ತಣ್ಣಗೆ ಇಡುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹನ್ನೊಂದು ಮುಕ್ಕಾಲಕ್ಕೆ ಮಗಳು ತನ್ವಿ ಬಂದಳು. ಮಣಿಪಾಲದ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಅವಳಿಗೆ ಕೆಲಸ. ಅಲ್ಲಿಂದ ಕೇಳಿಕೊಂಡು ಐದು ವೈನ್ ಗ್ಲಾಸು, ಕಾರ್ಕ್ ತೆಗೆಯುವ ತಿರುಪು ತಂದಿದ್ದಳು. ದೇವದಾಸ ಕ್ಷೌರಕ್ಕೆಂದು ಪೇಟೆಗೆ ಹೋದವನು ಇನ್ನೂ ಬಂದಿರಲಿಲ್ಲ. ತನ್ವಿ ಬಾಟಲಿ ಎತ್ತಿ, ಮೂಸಿ, ತಿರುಗಿಸಿ ನೋಡಿದಳು.

"ಅಮ್ಮ, ಕೆಂಪು ವೈನನ್ನು ಐಸಲ್ಲಿ ಇಡುವುದಿಲ್ಲ. ಅದೂ ಬಂಗುಡೆ ಪೆಟ್ಟಿಗೆಯಲ್ಲಿ!"

"ತೊಳೆದೇ ಇಟ್ಟದ್ದು ಮಾರಾಯ್ತಿ."

"ಇಲ್ಲಿ ವರ್ಷ ಇರಬೇಕಿತ್ತಲ್ಲ?"

"ಇತ್ತು. ತೆಗೆದೆ."

"ತೆಗೆದೆ ಅಂದ್ರೆ ಎಂತ?"

"ಹನ್ನೊಂದು ವರ್ಷ ಹಳೆ ಮಾಲು! ನಿನ್ನ ಅಪ್ಪನಿಗೆ ಚೆನ್ನಾಗಿ ಟೊಪ್ಪಿ ಹಾಕಿದ್ದಾರೆ. ಅವರಿಗೆ ಹೇಳ್ಬೇಡ ಆಯ್ತಾ, ಬೇಜಾರು ಮಾಡ್ಕೊಳ್ತಾರೆ."

ತನ್ವಿ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು.

"ಅಮ್ಮ, ಹಳೆಯದು ಅಂತಲೇ ಅಪ್ಪ ತಂದದ್ದು. ವೈನಿಗೆ ವರ್ಷ ಆದಷ್ಟೂ ಬೆಲೆ."

"ಹಳೆಯದನ್ನು ಬೇಕಂತ ಯಾರು ತರ್ತಾರೆ?"

"ಉಪ್ಪಿನಕಾಯಿ ಹಾಗೆ ಅಂತ ತಿಳ್ಕೊ."

"ಉಪ್ಪಿನಕಾಯಿಯ ಮೇಲೆ ಯಾರೂ ವರ್ಷ ಬರೆಯುವುದಿಲ್ಲ" ಎಂದಳು ಕುಶಲಾ. ಆದರೆ ಅವಳ ದನಿ ಇಳಿದಿತ್ತು. ಚೀಟಿಯ ಸವೆದ ಜಾಗವನ್ನು ಮುಟ್ಟಿ ಕೇಳಿದಳು: "ಪೆನ್ನಲ್ಲಿ ಬರೆದರೆ?"

"ನಿನ್ನ ಅಕ್ಷರದಲ್ಲಾ?"

ಕೊನೆಗೆ ತನ್ವಿ ಒಗೆದ ಬಿಳಿ ಬೈರಾಸು ಟವೆಲೊಂದನ್ನು ಮಡಚಿ ಬಾಟಲಿಗೆ ಸುತ್ತಿದಳು. ಹೋಟೆಲಿನಲ್ಲಿ ಹೀಗೇ ಹಿಡಿಯುವುದು, ಯಾರೂ ಏನೂ ಕೇಳುವುದಿಲ್ಲ ಎಂದಳು. ಹೋಟೆಲಿನಲ್ಲಿ ಯಾರೂ ಎರಡೂವರೆ ಅಡಿ ಜಾಗ ಕೇಳುವುದಿಲ್ಲ ಎಂಬುದು ಕುಶಲಾಳ ಮನಸ್ಸಿಗೆ ಬಂತು.

ಹನ್ನೆರಡೂಕಾಲಕ್ಕೆ, ಇಗರ್ಜಿಯಿಂದ ನೇರವಾಗಿ, ಪಾಸ್ಕಲ್ ಮತ್ತು ಅವರ ಹೆಂಡತಿ ಲವೀನಾ ಬಂದರು. ಪಾಸ್ಕಲರಿಗೆ ಅರವತ್ತೇಳು, ಇಸ್ತ್ರಿ ಮಾಡಿದ ಅಂಗಿ, ಅಂಗಿಗಿಂತ ಗಟ್ಟಿಯಾಗಿ ಇಸ್ತ್ರಿ ಮಾಡಿದ ಮುಖ. ದೇವದಾಸ ಹೊಸ ಬಿಳಿ ಮುಂಡು ಉಟ್ಟು, ಗಲ್ಲಕ್ಕೆ ಪೌಡರು ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಬನ್ನಿ ಪೊರ್ಬುಗಳೇ, ಬನ್ನಿ ಬಾಯಮ್ಮ. ಇವತ್ತು ನಮಗೆ ಪರೀಕ್ಷೆ, ನೀವು ಮಾಸ್ತರು" ಎಂದು, ಊರಿನವರು ಕ್ರೈಸ್ತ ದಂಪತಿಯನ್ನು ಗೌರವದಿಂದ ಕರೆಯುವ ಹೆಸರಿನಲ್ಲೇ ಕರೆದ.

ತನ್ವಿ ಕಾರ್ಕ್ ತೆಗೆದಳು. ಅದರ ಮೇಲೆ ತೋಟದ ಹೆಸರಿತ್ತು, ವರ್ಷ ಇರಲಿಲ್ಲ. ಐದು ಗ್ಲಾಸಿಗೆ ಎರಡೆರಡು ಬೆರಳು ಸುರಿದಳು. ದೇವದಾಸ ತೋಟದ ಹುಡುಗಿ ತೋರಿಸಿದಂತೆ ಗ್ಲಾಸನ್ನು ತಿರುಗಿಸಿದ. ಅವನ ಕೈ ಬೋಟಿನ ಚುಕ್ಕಾಣಿಗೆ ಪಳಗಿದ್ದು. ಎರಡನೆಯ ಸುತ್ತಿಗೆ ಅರ್ಧ ವೈನು ಟಿ.ವಿ.ಯ ಮೇಲೆ ಬಿತ್ತು.

ಪಾಸ್ಕಲ್ ತಮ್ಮ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಲ್ಲರೂ ಕಾದರು. ಆಮೇಲೆ ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು.

"ಸಮುದ್ರದ ಪರಿಮಳ ಉಂಟು" ಎಂದರು.

"ಹೌದಾ!" ದೇವದಾಸ ಹಿಗ್ಗಿದ. "ಹಣ್ಣಿನದು, ಮರದ್ದು ಅಂತ ಆ ಹುಡುಗಿ ಹೇಳಿದ್ದಳು. ಇದನ್ನು ಹೇಳಲೇ ಇಲ್ಲ ನೋಡಿ!"

ತನ್ವಿ ಕೆಮ್ಮಿದಳು. ವಾಸನೆ ವೈನಿನದಲ್ಲ, ಬಾಟಲಿಯ ಹೊರಮೈಯಿಂದ ಅವಳ ಕೈಗೆ, ಕೈಯಿಂದ ಗ್ಲಾಸಿಗೆ ಬಂದದ್ದು. ಕುಶಲಾ ಮಗಳ ಕಾಲನ್ನು ಮೆಲ್ಲಗೆ ಒತ್ತಿದಳು.

ಐವರೂ ಒಟ್ಟಿಗೆ ಬಾಯಿಗಿಟ್ಟರು. ಕುಶಲಾಳಿಗೆ ಮೊದಲು ಹಲ್ಲು ಜುಮ್ಮೆಂದಿತು. ನಂತರ ನಾಲಿಗೆಯ ಮೇಲೆ ಹಸಿ ಅಡಿಕೆ ಅಗಿದಂಥ ಒಗರು. ಸಿಹಿ ಎಂಬುದು ಎಲ್ಲೂ ಇಲ್ಲ. ಅವಳಿಗೆ ಗೊತ್ತಿದ್ದ ವೈನ್ ಒಂದೇ. ಪ್ರತಿ ಕ್ರಿಸ್ಮಸ್ಸಿಗೆ ಲವೀನಾ ಬಾಯಿ ಕುಸ್ವಾರ್ ಸಿಹಿತಿಂಡಿಗಳ ತಟ್ಟೆಯೊಂದಿಗೆ ಪುಟ್ಟ ಗ್ಲಾಸಿನಲ್ಲಿ ಕೊಡುವ, ದ್ರಾಕ್ಷಿ ಮತ್ತು ಸಕ್ಕರೆಯ, ಕುಡಿದರೆ ಇನ್ನೂ ಸ್ವಲ್ಪ ಬೇಕೆನಿಸುವ ವೈನ್. ಇದು ಕೆಟ್ಟಿದೆ ಎಂದು ಅವಳು ತೀರ್ಮಾನಿಸಿದಳು. ಲವೀನಾಳ ಮುಖ ನೋಡಿದರೆ ಅಲ್ಲಿಯೂ ಅದೇ ತೀರ್ಮಾನ ಆಗಿತ್ತು. ದೇವದಾಸ ಮಾತ್ರ ಕಷಾಯ ಕುಡಿದ ಮಗುವಿನಂತೆ ಮುಖ ಮಾಡಿ "ಫಸ್ಟ್ ಕ್ಲಾಸ್" ಎಂದ.

ಪಾಸ್ಕಲ್ ಗ್ಲಾಸನ್ನು ಕೆಳಗಿಟ್ಟರು. "ಎಷ್ಟು ವರ್ಷದ್ದು ಅಂದಿ ದೇವದಾಸ?"

"ಹನ್ನೊಂದು. ಲೇಬಲಲ್ಲೇ ಉಂಟು. ಮಗಾ, ಬಟ್ಟೆ ತೆಗೆದು ತೋರಿಸು."

ತನ್ವಿ ತಾಯಿಯನ್ನು ನೋಡಿದಳು. ಕುಶಲಾ ನೆಲ ನೋಡಿದಳು. ದೇವದಾಸ ತಾನೇ ಬೈರಾಸು ಎಳೆದ. ಕನ್ನಡಕ ಹಾಕಿಕೊಂಡ. ಬಾಟಲಿಯನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ, ಅಡಿಯನ್ನೂ ನೋಡಿದ.

"ಇಲ್ಲೇ ಇತ್ತು. ದೇವರಾಣೆ ಇಲ್ಲೇ ಇತ್ತು."

ಪಾಸ್ಕಲ್ ಬಾಟಲಿ ತೆಗೆದುಕೊಂಡು, ಕಾಗದ ಸವೆದು ಗಾಜು ಕಾಣುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಅವರ ಹೆಬ್ಬೆರಳು ಅಲ್ಲೇ ನಿಂತಿತು.

"ಇದು ಹೋದದ್ದಲ್ಲ, ತೆಗೆದದ್ದು" ಎಂದರು. "ಲವೀನಾ, ಏಳು."

"ಎಂತ ಪೊರ್ಬುಗಳೇ, ಊಟ ಆಗಿಲ್ಲ..."

"ಊಟ ಬೇಡ. ದೇವದಾಸ, ನಾನು ಹುಚ್ಚ ಅಲ್ಲ. ಈ ವೈನು ಯಾಕೆ ಅಂತ ಬರುವಾಗಲೇ ಗೊತ್ತಿತ್ತು. ಕೊಡುವ ಅಂತಲೇ ಅರ್ಧ ಮನಸ್ಸು ಮಾಡಿ ಬಂದದ್ದು. ಆದರೆ ಅಂಕಿ ಅಳಿಸಿದ ಬಾಟಲಿ ಇಟ್ಟು ಜಾಗ ಕೇಳ್ತೀಯಲ್ಲ ಮಾರಾಯ! ಆಗ ಒಂಬತ್ತು ಇಂಚು ಹೋಯ್ತು. ಈಗ ಎರಡೂವರೆ ಅಡಿ ಅಂತ ಬರೆದುಕೊಟ್ಟರೆ, ನಾಳೆ ಆ ಕಾಗದದಲ್ಲಿ ಯಾವ ಅಂಕಿ ಇರ್ತದೋ ಯಾರಿಗೆ ಗೊತ್ತು?"

"ನನ್ನ ಅಪ್ಪನ ಸುದ್ದಿ ಬೇಡ" ಎಂದ ದೇವದಾಸ. ಅವನ ದನಿ ಬೋಟಿನ ದನಿಯಾಗಿತ್ತು.

"ಸುದ್ದಿ ನಾನು ಎತ್ತಿದ್ದಲ್ಲ, ನಿನ್ನ ಬಾಟಲಿ ಎತ್ತಿದ್ದು."

ಪಾಸ್ಕಲ್ ಚಪ್ಪಲಿಯವರೆಗೆ ಹೋದರು. ಒಂದು ಚಪ್ಪಲಿ ಹಾಕಿಯೂ ಆಯಿತು. ಎರಡನೆಯದನ್ನು ಹಾಕಿದರೆ ಗೂಡ್ಸ್ ರಿಕ್ಷಾ ರಸ್ತೆಯಲ್ಲೇ ನಿಲ್ಲುತ್ತದೆ ಎಂದು ಕುಶಲಾಳಿಗೆ ಗೊತ್ತಿತ್ತು.

"ಪೊರ್ಬುಗಳೇ, ನಿಲ್ಲಿ" ಎಂದಳು. "ಉಜ್ಜಿದ್ದು ನಾನು. ಇವರಿಗೆ ಗೊತ್ತೇ ಇಲ್ಲ. ಇವರ ಮುಖ ನೋಡಿ, ಗೊತ್ತಿದ್ದವರ ಮುಖವಾ ಅದು?"

ಎಲ್ಲರೂ ದೇವದಾಸನ ಮುಖ ನೋಡಿದರು. ಅಲ್ಲ.

"ಮೂವತ್ತೊಂದು ವರ್ಷ ಮೀನು ಮಾರಿದೆ. ಹಳೆಯದು ಕೊಟ್ಟೆ ಅಂತ ಒಬ್ಬರಿಂದ ಹೇಳಿಸ್ಕೊಳ್ಳಲಿಲ್ಲ. ನಿಮ್ಮ ಮನೆಗೆ ಕೊಟ್ಟದ್ದನ್ನೇ ಕೇಳಿ ಬಾಯಮ್ಮನ ಹತ್ತಿರ. ಬಾಟಲಿಯಲ್ಲಿ ಹನ್ನೊಂದು ವರ್ಷ ಹಿಂದಿನ ತಾರೀಕು ನೋಡಿ ನನ್ನ ಎದೆ ಧಸಕ್ ಅಂತು. ಮರ್ಯಾದಿ ಹೋಗ್ತದೆ ಅಂತ ಉಜ್ಜಿದೆ. ಹಳೆಯದಾದ್ರೇ ಮರ್ಯಾದಿ ಅಂತ ನನಗೆ ಗೊತ್ತಾದದ್ದು ಇವತ್ತು ಹನ್ನೊಂದು ಮುಕ್ಕಾಲಕ್ಕೆ. ಬೈಯುವುದಾದ್ರೆ ನನಗೆ ಬೈಯಿರಿ."

ಮೊದಲು ನಕ್ಕದ್ದು ಲವೀನಾ. ಸೆರಗು ಬಾಯಿಗೆ ಒತ್ತಿ, ಹೆಗಲು ಕುಣಿಸಿ ನಕ್ಕಳು. "ತಾರೀಕು ಮುಗಿದದ್ದು ಅಂತ ಎಣಿಸಿದೆಯಾ ಕುಶಲಾ!"

"ನಗ್ಬೇಡ" ಎಂದರು ಪಾಸ್ಕಲ್. "ಅಳಿಸಿದ್ದು ಯಾರು ಅಂತ ಗೊತ್ತಾಯ್ತು. ಅಲ್ಲಿ ಹನ್ನೊಂದು ವರ್ಷವೇ ಇತ್ತು ಅಂತ ಹೇಗೆ ಗೊತ್ತು?"

"ನೀವೇ ಹೇಳಬೇಕು!" ದೇವದಾಸ ಎದ್ದು ನಿಂತ. "ಇಪ್ಪತ್ತಾರು ವರ್ಷ ಹಡಗಲ್ಲಿ ಇದ್ದವರು ನೀವು. ನಾಲಿಗೆಗೆ ಇಟ್ಟಿದ್ದೀರಿ. ಹಳೆಯದಾ ಹೊಸದಾ, ಹೇಳಿ. ನೀವು ಹೊಸದು ಅಂದ್ರೆ ಬೇಲಿಯ ಮಾತು ಈ ಜನ್ಮದಲ್ಲಿ ಎತ್ತುವುದಿಲ್ಲ."

ಕುಶಲಾ ಗಂಡನ ಅಂಗಿ ಎಳೆದಳು. ಈ ಮನುಷ್ಯ ಅವಳ ಮಂಡಿಯನ್ನು ಪಣಕ್ಕಿಟ್ಟು ನಿಂತಿದ್ದ.

ಪಾಸ್ಕಲ್ ಒಂದೇ ಚಪ್ಪಲಿಯಲ್ಲಿ ನಿಂತು ಗ್ಲಾಸಿನತ್ತ ನೋಡಿದರು, ಹೆಂಡತಿಯತ್ತ ನೋಡಿದರು.

"ಹೇಳಿಬಿಡಿ" ಎಂದಳು ಲವೀನಾ. "ಕುಶಲಾ ಇದ್ದದ್ದು ಹೇಳಿದ್ದಾಳೆ ಅಲ್ವಾ?"

"ನಾಲಿಗೆಯಲ್ಲಿ ನನಗೆ ಗೊತ್ತಾಗುವುದಿಲ್ಲ" ಎಂದರು ಪಾಸ್ಕಲ್. "ನಾನು ಲಾಂಡ್ರಿಯಲ್ಲಿ ಇದ್ದದ್ದು."

"ಎಲ್ಲಿ?"

"ಹಡಗಿನ ಲಾಂಡ್ರಿಯಲ್ಲಿ. ಕೆಳಗಿನ ಡೆಕ್. ಇಪ್ಪತ್ತಾರು ವರ್ಷ ಮೇಜಿನ ಬಟ್ಟೆ ತೊಳೆದೆ. ವೈನು ಕುಡಿದದ್ದು ಇವಳು ಮಾಡಿದ್ದು ಮಾತ್ರ. ನೀವೆಲ್ಲ ನನ್ನನ್ನು ದೊಡ್ಡ ಜನ ಅಂತ ಮಾಡಿದಿರಿ, ನಾನು ಬೇಡ ಅನ್ನಲಿಲ್ಲ."

"ಮತ್ತೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುವುದು?" ದೇವದಾಸ ಕೇಳಿದ.

"ಬಣ್ಣ ನೋಡುವುದು ಮಾರಾಯ. ಬಟ್ಟೆಗೆ ಬಿದ್ದರೆ ಹೇಗೆ ತೆಗೆಯುವುದು ಅಂತ." ಹೇಳುತ್ತಿದ್ದಂತೆ ಪಾಸ್ಕಲರ ಮುಖದ ಇಸ್ತ್ರಿ ಮೆಲ್ಲಗೆ ಬಿಚ್ಚಿತು. ಹಾಕಿದ್ದ ಚಪ್ಪಲಿಯನ್ನು ಕಳಚಿದರು. "ಕುಡಿದು ಹೇಳಲಿಕ್ಕೆ ಆಗುವುದಿಲ್ಲ. ಕಲೆ ನೋಡಿ ಹೇಳ್ತೇನೆ. ಒಂದು ಬಿಳಿ ಹತ್ತಿ ಬಟ್ಟೆ ಬೇಕು. ಹೊಸದೇ ಆಗಬೇಕು, ಒಗೆದದ್ದರಲ್ಲಿ ನೀಲಿ ಕೂತಿರ್ತದೆ."

ಮನೆಯಲ್ಲಿ ಹೊಸ ಬಿಳಿ ಹತ್ತಿ ಬಟ್ಟೆ ಒಂದೇ ಇತ್ತು. ಎಲ್ಲರೂ ಅದನ್ನೇ ನೋಡಿದರು. ದೇವದಾಸ ಎರಡು ಹೆಜ್ಜೆ ಹಿಂದೆ ಸರಿದ.

"ಇದು ಇವತ್ತೇ ಉಟ್ಟದ್ದು."

"ಬಿಚ್ಚಿ" ಎಂದಳು ಕುಶಲಾ.

ಐದು ನಿಮಿಷದಲ್ಲಿ ದೇವದಾಸ ಲುಂಗಿಯಲ್ಲಿ ಬಂದ. ಮುಂಡನ್ನು ಮೇಜಿನ ಮೇಲೆ ಹಾಸಿದರು. ಹೋಲಿಸಲು ಹೊಸ ವೈನ್ ಬೇಕೆಂದು ಪಾಸ್ಕಲ್ ಹೇಳಿದ್ದರಿಂದ ಲವೀನಾ ಮನೆಗೆ ಹೋಗಿ ಕಳೆದ ಕ್ರಿಸ್ಮಸ್ಸಿನ ಬಾಟಲಿ ತಂದಳು. ಬಣ್ಣಕ್ಕೆಂದು ಸಕ್ಕರೆ ಸುಟ್ಟು ಹಾಕಿಲ್ಲವಷ್ಟೆ ಎಂದು ಪಾಸ್ಕಲ್ ಕೇಳಿದರು. ಅಂಥ ಕೆಲಸ ಬೇರೆಯವರು ಮಾಡುವುದು ಎಂದಳು ಲವೀನಾ. ಪಾಸ್ಕಲ್ ಅಂಗಿಯ ತೋಳು ಮಡಚಿ, ಚಮಚದಲ್ಲಿ ಎಡಗಡೆ ಒಂದು, ಬಲಗಡೆ ಒಂದು, ಸಮನಾಗಿ ಸುರಿದರು. ಫ್ಯಾನು ಜೋರು ಮಾಡಿಸಿ, ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು ಎಂದರು.

ಆ ಇಪ್ಪತ್ತು ನಿಮಿಷ ಯಾರೂ ಊಟಕ್ಕೆ ಏಳಲಿಲ್ಲ. ಅಡುಗೆಮನೆಯಲ್ಲಿ ಕೊಡ್ಡಾಯಿ ಗಸಿ ಆರಿತು. ನೀರುದೋಸೆ ಒಂದಕ್ಕೊಂದು ಅಂಟಿತು. ಕುಶಲಾ ಗೋಡೆಗೆ ಒರಗಿ, ಬಲಗಾಲನ್ನು ನೀಡಿ ಕುಳಿತು ಗಡಿಯಾರ ನೋಡಿದಳು. ದೇವದಾಸ ಮುಂಡನ್ನು ನೋಡಿದ.

ಒಂದು ಗಂಟೆ ಎಂಟು ನಿಮಿಷಕ್ಕೆ ಪಾಸ್ಕಲ್ ಎದ್ದು ಬಟ್ಟೆಯನ್ನು ಕಿಟಕಿಗೆ ಹಿಡಿದರು. ಲವೀನಾಳ ವೈನಿನ ಕಲೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ್ದು, ಅಂಚು ನೀಲಿ. ಇನ್ನೊಂದರ ನಡು ಕೆಂಪು, ಅಂಚಿನ ಸುತ್ತ ಹಳೆ ಮಂಗಳೂರು ಹಂಚಿನ ಬಣ್ಣ.

"ನೋಡಿ" ಎಂದರು. "ಹೊಸದು ನೀಲಿ ಬಿಡ್ತದೆ. ಹಳೆಯದು ಹೀಗೆ ಕಂದು. ಇದನ್ನು ತೆಗೀಲಿಕ್ಕೆ ನಮಗೆ ಎರಡು ಸಲ ನೆನೆಸಬೇಕಿತ್ತು. ಐದು ವರ್ಷದ ಮೇಲೆ ಖಂಡಿತ. ಹನ್ನೊಂದು ಅಂತ ಬರೆದುಕೊಡಲಿಕ್ಕೆ ನನ್ನಿಂದ ಆಗುವುದಿಲ್ಲ. ಆದರೆ ಕುಶಲಕ್ಕ ಹನ್ನೊಂದು ಅಂದ್ರೆ ನಾನು ಇಲ್ಲ ಅನ್ನುವುದಿಲ್ಲ."

ಮುಂಡನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು.

"ಎರಡೂವರೆ ಅಡಿ ಅಲ್ವಾ?" ಪಾಸ್ಕಲ್ ಕೇಳಿದರು.

"ಎರಡೂವರೆ" ಎಂದ ದೇವದಾಸ.

"ಎರಡೂ ಕಾಲು ಸಾಕಲ್ಲ?"

"ಸಾಕಾಗ್ತದೆ" ಎನ್ನಲು ದೇವದಾಸ ಬಾಯಿ ತೆರೆದ.

"ಎರಡೂ ಕಾಲಿಗೆ ರಿಕ್ಷಾದ ಕನ್ನಡಿ ತಂತಿಗೆ ತಾಗ್ತದೆ" ಎಂದಳು ಕುಶಲಾ. ಅವಳು ಅಳೆದಿದ್ದಳು.

ಪಾಸ್ಕಲ್ ಅವಳತ್ತ ತಿರುಗಿದರು. "ಎರಡೂವರೆಯೇ ಇರಲಿ. ಆದರೆ ಅಳತೆ ಬರೆಯುವುದು ನೀವು. ಸರ್ವೆಯವರ ಎದುರು, ನಿಮ್ಮ ಕೈಯಲ್ಲೇ. ಇವನು ಬೇಡ."

"ನಾನು ಎಂತ ಮಾಡಿದೆ?" ಎಂದ ದೇವದಾಸ. ಅವನು ನಿಜವಾಗಿ ಏನೂ ಮಾಡಿರಲಿಲ್ಲ.

ಊಟಕ್ಕೆ ಎಲ್ಲರೂ ಕುಡಿದದ್ದು ಲವೀನಾಳ ವೈನನ್ನು. ವಿಜಯಪುರದ ಬಾಟಲಿಯಲ್ಲಿ ಉಳಿದದ್ದಕ್ಕೆ ಸಕ್ಕರೆ, ಲವಂಗ ಹಾಕಿ ಸರಿಮಾಡಲು ಆಗುತ್ತದೋ ನೋಡುವ ಎಂದು ಅವಳು ಹೇಳಿದಳು. ತನ್ವಿ ಬೇಡವೆಂದು ಕೈಮುಗಿದಳು. ದೇವದಾಸ ಒಬ್ಬನೇ ಇನ್ನೊಂದು ಗ್ಲಾಸು ಸುರಿದುಕೊಂಡು, ಬೆಲೆಯ ನೆನಪಿನಲ್ಲಿ, ಕೊನೆಯವರೆಗೆ ಕುಡಿದ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಸರ್ವೆಯವರು ಬಂದರು. ಕುಶಲಾ ಅಳತೆ ಬರೆದಳು, ಪಾಸ್ಕಲ್ ಓದಿ ಸಹಿ ಹಾಕಿದರು. ಶನಿವಾರದ ಒಳಗೆ ಬೇಲಿಯ ಹತ್ತೊಂಬತ್ತು ಕಲ್ಲುಕಂಬಗಳನ್ನು ಕಿತ್ತು ಒಳಗೆ ನೆಟ್ಟರು. ಸೋಮವಾರ ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಗೂಡ್ಸ್ ರಿಕ್ಷಾ ಆರು ಪೆಟ್ಟಿಗೆ ಮೀನಿನೊಂದಿಗೆ ಶೆಡ್ಡಿನ ಬಾಗಿಲಿಗೆ ಬಂತು. ತಿರುಗಿಸಲು ಜಾಗ ಇಲ್ಲದ ಕಾರಣ ಐವತ್ತೆಂಟು ಮೀಟರನ್ನೂ ಹಿಮ್ಮುಖವಾಗಿಯೇ ವಾಪಸು ಹೋಯಿತು.